ಹೇಳಿದ್ದು ಮುಟ್ಟಲಿಲ್ಲವೇ? ಮಾತಿನ ದೋಷ ಹುಡುಕುವ ಕೈಪಿಡಿ

"ನಾನು ಹೇಳಿದ್ದೆನಲ್ಲ!"
"ಇಲ್ಲ, ನೀವು ಹಾಗೆ ಹೇಳಲೇ ಇಲ್ಲ."

ಈ ಎರಡು ಮಾತು ಒಂದರ ಹಿಂದೊಂದು ಬಂದವು ಅಂದರೆ ಎಲ್ಲೋ ತಪ್ಪಿದೆ ಅಂತ ಗೊತ್ತಾಯಿತು. ಜಾಗ ಕಾರವಾರದ ಬೈತಖೋಲ ಬಂದರು ಇರಬಹುದು, ಶಿರಸಿಯ ಅಡಿಕೆ ವಖಾರಿ ಇರಬಹುದು, ಗಂಡ ಹೆಂಡತಿ ಇಬ್ಬರೇ ಇರುವ ಮನೆ ಇರಬಹುದು. ಹುಡುಕುವ ಕ್ರಮ ಒಂದೇ.

ನಾನು ಕಾರವಾರದಲ್ಲಿ ಮೀನುಗಾರಿಕೆ ಬೋಟುಗಳ ವೈರ್‌ಲೆಸ್ ಸೆಟ್ ರಿಪೇರಿ ಮಾಡುತ್ತೇನೆ. ಊರು ಶಿರಸಿ ಕಡೆ. "ಸೆಟ್ ಕೆಟ್ಟಿದೆ, ಹೇಳಿದ್ದು ಆ ಕಡೆ ಹೋಗ್ತಿಲ್ಲ" ಅಂತ ತಂದುಕೊಟ್ಟ ಸೆಟ್ಟನ್ನು ಬಿಚ್ಚಿ ನೋಡಿದರೆ ಎಷ್ಟೋ ಸಲ ಒಳಗೆ ಏನೂ ಆಗಿರುವುದಿಲ್ಲ. ಮಾತು ಹೋಗಿದೆ. ಕೇಳಿಸಿಯೂ ಇದೆ. ಅರ್ಥ ಮಾತ್ರ ಬೇರೆ ಆಗಿದೆ. ಹೀಗೆ ನೋಡಿ ನೋಡಿ, ಮನುಷ್ಯರ ಮಾತುಕತೆಯ ಬಗ್ಗೆ ಸಂಶೋಧಕರು ಏನು ಕಂಡುಕೊಂಡಿದ್ದಾರೆ ಅಂತ ಓದತೊಡಗಿದೆ. ನಮ್ಮಲ್ಲಿ ಬೇರೂರಿರುವ ಕೆಲವು ನಂಬಿಕೆಗಳು ತಪ್ಪು. ಆ ತಪ್ಪು ನಂಬಿಕೆಯಿಂದಲೇ ನಾವು ದೋಷವನ್ನು ಬೇರೆ ಜಾಗದಲ್ಲಿ ಹುಡುಕುತ್ತೇವೆ.

ಶುರು ಮಾಡುವ ಮುನ್ನ: ಅಪಾಯ ಇದೆಯಾ ನೋಡಿ

ಚೆನ್ನಾಗಿ ಮಾತಾಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ತೊದಲಿದರೆ, ಸಂಬಂಧವಿಲ್ಲದ ಪದ ಆಡಿದರೆ, ಅಥವಾ ನಿಮ್ಮ ಸರಳ ಮಾತೂ ಅವರಿಗೆ ಅರ್ಥವಾಗದಿದ್ದರೆ ಈ ಕೈಪಿಡಿ ಬದಿಗಿಡಿ. ಅದು ಪಾರ್ಶ್ವವಾಯು ಇರಬಹುದು. ನಗಲು ಹೇಳಿ, ಮುಖ ಒಂದು ಕಡೆ ಜೋತಿದೆಯಾ ನೋಡಿ. ಎರಡೂ ಕೈ ಎತ್ತಲು ಹೇಳಿ, ಒಂದು ಕೈ ಕೆಳಗೆ ಜಾರುತ್ತದೆಯಾ ನೋಡಿ. ಒಂದೇ ಲಕ್ಷಣ ಕಂಡರೂ 108ಕ್ಕೆ ಫೋನ್ ಮಾಡಿ, ಶುರುವಾದ ಹೊತ್ತು ಬರೆದಿಟ್ಟುಕೊಳ್ಳಿ. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೇ ಕೊಡಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗುವುದು ಅಂದರೆ ದೂರದ ದಾರಿ. ಮಲಗಿ ಎದ್ದರೆ ಸರಿಹೋಗುತ್ತದೆ ಅಂತ ಕಾಯಬೇಡಿ.

ಇನ್ನೊಂದು ಕಿವಿಯ ವಿಷಯ. ಹಿಂದಿನಿಂದ ಕರೆದರೆ ತಿರುಗದ ಮಗುವನ್ನು "ಹಟ ಮಾಡ್ತದೆ" ಅಂತ ಬೈಯುವ ಮೊದಲು ಕಿವಿ ಪರೀಕ್ಷೆ ಮಾಡಿಸಿ. ವಯಸ್ಸಾದವರು "ನೀವೆಲ್ಲ ಬಾಯೊಳಗೇ ಮಾತಾಡ್ತೀರಿ" ಅಂದರೆ ಅದನ್ನೂ ಗಂಭೀರವಾಗಿ ತಗೊಳ್ಳಿ. ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ತೀಕ್ಷ್ಣ ಸದ್ದುಗಳು. ಸ, ಶ, ಫ ಇಂಥ ವ್ಯಂಜನಗಳು ಇರುವುದೇ ಅಲ್ಲಿ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಅವರಿಗೆ ಕೇಳುತ್ತದೆ, ಯಾವ ಪದ ಅಂತ ತಿಳಿಯುವುದಿಲ್ಲ. ಕೂಗಿದರೆ ಪ್ರಯೋಜನ ಕಡಿಮೆ. ಕೂಗಿನಲ್ಲಿ ದೊಡ್ಡದಾಗುವುದು ಬಹುಪಾಲು ಸ್ವರಗಳು, ವ್ಯಂಜನಗಳಲ್ಲ. ಎದುರಿಗೆ ಕೂತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ, ಸ್ವಲ್ಪ ನಿಧಾನವಾಗಿ ಹೇಳಿ. ಟಿವಿ ಆರಿಸಿ.

ದೋಷ ಇರಬಹುದಾದ ನಾಲ್ಕು ಜಾಗ

ಜಗಳ ಶುರುವಾದ ಕೂಡಲೇ ನಾವು ಕೇಳುವ ಪ್ರಶ್ನೆ "ತಪ್ಪು ಯಾರದ್ದು?" ಆ ಪ್ರಶ್ನೆಯಿಂದ ರಿಪೇರಿ ಸಾಧ್ಯವಿಲ್ಲ. "ಎಲ್ಲಿ ತಪ್ಪಿತು?" ಅಂತ ಕೇಳಿ.

ಒಂದು, ಮಾತು ಕಿವಿಗೆ ಸರಿಯಾಗಿ ಮುಟ್ಟಿಲ್ಲ. ಎರಡು, ಪದ ಮುಟ್ಟಿದೆ, ಅರ್ಥ ಬೇರೆ ಆಗಿದೆ. ಮೂರು, ಅರ್ಥವೂ ಸರಿ ಇದೆ, ಆದರೆ ಅವರ "ಆಯ್ತು" ಅನ್ನೋದು ಒಪ್ಪಿಗೆ ಆಗಿರಲಿಲ್ಲ. ನಾಲ್ಕು, ಎಲ್ಲವೂ ಅರ್ಥವಾಗಿದೆ, ಇಬ್ಬರಿಗೂ ಬೇಕಾದದ್ದೇ ಬೇರೆ.

ಯಾವ ಜಾಗ ಅಂತ ತಿಳಿಯಲು ಒಂದು ಸಣ್ಣ ಪರೀಕ್ಷೆ ಇದೆ. ನೀವು ಆಡಿದ ಪದಗಳನ್ನು ಅವರು ಹೇಗೆ ನೆನಪಿಟ್ಟಿದ್ದಾರೆ ಅಂತ ಕೇಳಿ. ಪದವೇ ಬೇರೆ ಆಗಿದ್ದರೆ ಮೊದಲನೇ ಜಾಗ. ಪದ ಸರಿ ಇದ್ದು ಕೆಲಸ ಬೇರೆ ಆಗಿದ್ದರೆ ಎರಡನೆಯದು. ಪದ, ಅರ್ಥ ಎರಡೂ ಸರಿ ಇದ್ದು ಕೆಲಸವೇ ಆಗದಿದ್ದರೆ ಮೂರನೆಯದು ಅಥವಾ ನಾಲ್ಕನೆಯದು.

ಕಿವಿಗೆ ಸರಿಯಾಗಿ ಮುಟ್ಟದಿದ್ದರೆ

ಇದು ನನ್ನ ಕಸುಬಿನ ಭಾಗ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ತಾಂಡೇಲ, ಅಂದರೆ ಬೋಟ್ ನಡೆಸುವ ಮುಖ್ಯಸ್ಥ, ದಡಕ್ಕೆ ವೈರ್‌ಲೆಸ್‌ನಲ್ಲಿ ಹೇಳುತ್ತಾನೆ: "ಇಪ್ಪತ್ತು ಐಸ್ ಬ್ಲಾಕ್ ತೆಗೆದಿಡಿ." ದಡದಲ್ಲಿ ಎಪ್ಪತ್ತು ತಯಾರಾಗುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ವೈರ್‌ಲೆಸ್ ಸೆಟ್ಟಿನಲ್ಲಿ ಬಟನ್ ಒತ್ತಿದ ಮರುಕ್ಷಣವೇ ಮಾತು ಹೋಗುವುದಿಲ್ಲ, ಒಂದು ಚೂರು ಹೊತ್ತು ಬೇಕು. ಒತ್ತಿದ ತಕ್ಷಣ ಬಾಯಿ ತೆರೆದರೆ ಮೊದಲ ಅಕ್ಷರ ಕತ್ತರಿಸಿ ಹೋಗುತ್ತದೆ. ಆ ಕಡೆ ಮುಟ್ಟುವುದು "...ಪ್ಪತ್ತು". ಕನ್ನಡದ ಎಷ್ಟೋ ಸಂಖ್ಯೆಗಳಲ್ಲಿ ವ್ಯತ್ಯಾಸ ಇರುವುದೇ ಪದದ ತಲೆಯಲ್ಲಿ: ಇಪ್ಪತ್ತು, ಎಪ್ಪತ್ತು, ಒಂಬತ್ತು, ತೊಂಬತ್ತು. ಬಾಲ ಒಂದೇ. ತಲೆ ಹೋದರೆ ಕೇಳುವವನು ತನಗೆ ತೋಚಿದ ತಲೆ ಹಚ್ಚಿಕೊಳ್ಳುತ್ತಾನೆ. ತಾನು ಹಚ್ಚಿಕೊಂಡೆ ಅಂತ ಅವನಿಗೇ ಗೊತ್ತಾಗುವುದಿಲ್ಲ, ಪೂರ್ತಿ ಪದ ಕೇಳಿದೆ ಅಂತಲೇ ಅನ್ನಿಸುತ್ತದೆ.

ಪರಿಹಾರ ಸುಲಭ. ಬಟನ್ ಒತ್ತಿ, ಒಂದು ಉಸಿರು ಬಿಟ್ಟು ಮಾತಾಡಿ. ಸಂಖ್ಯೆಯನ್ನು ಮೊದಲ ಪದವಾಗಿ ಇಡಬೇಡಿ: "ಐಸ್ ಬ್ಲಾಕ್ ಬೇಕು, ಇಪ್ಪತ್ತು, ಎರಡು ಸೊನ್ನೆ." ಕಾರವಾರದವರಿಗೆ ಇನ್ನೂ ಒಳ್ಳೆಯ ದಾರಿ ಇದೆ. "ಇಪ್ಪತ್ತು, ವೀಸ" ಅಂತ ಕನ್ನಡ, ಕೊಂಕಣಿ ಎರಡರಲ್ಲೂ ಹೇಳಿ. ಎಪ್ಪತ್ತು ಆಗಿದ್ದರೆ ಕೊಂಕಣಿಯಲ್ಲಿ "ಸತ್ತರ್" ಅಂತ ಬರಬೇಕಿತ್ತು. ಗೊಂದಲ ಅಲ್ಲೇ ಮುಗಿಯಿತು.

ಒಂದೇ ವಿಷಯವನ್ನು ಎರಡು ರೀತಿ ಹೇಳಿದರೆ ಸಮಯ ಹಾಳು ಅಂತ ಕೆಲವರಿಗೆ ಅನ್ನಿಸುತ್ತದೆ. ಆದರೆ ಅಮೆರಿಕದ ಎಂಜಿನಿಯರ್ ಕ್ಲಾಡ್ ಶಾನನ್ 1948ರಲ್ಲಿ ಗಣಿತದಿಂದಲೇ ತೋರಿಸಿದ್ದು ಇದನ್ನು: ಗದ್ದಲ ಇರುವ ದಾರಿಯಲ್ಲಿ ಸಂದೇಶ ತಪ್ಪಿಲ್ಲದೆ ಮುಟ್ಟಬೇಕಾದರೆ ಅದರಲ್ಲಿ ಸ್ವಲ್ಪ ಹೆಚ್ಚುವರಿ ಇರಲೇಬೇಕು. ಹೆಚ್ಚುವರಿಯನ್ನು ಸರಿಯಾಗಿ ಜೋಡಿಸಿದರೆ ಗದ್ದಲದ ನಡುವೆಯೂ ತಪ್ಪನ್ನು ಬಹಳ ಕಡಿಮೆ ಮಾಡಬಹುದು. ಅದೇ ಬರಹದಲ್ಲಿ ಅವರು ಇನ್ನೊಂದನ್ನೂ ಸ್ಪಷ್ಟ ಮಾಡಿದ್ದರು. ತನ್ನ ಲೆಕ್ಕ ಸಂಕೇತ ಮುಟ್ಟುವುದರ ಬಗ್ಗೆ ಮಾತ್ರ, ಅರ್ಥ ಅದರ ಹೊರಗೆ. ಇದನ್ನು ಮರೆತು, ಸಂಕೇತ ಮುಟ್ಟಿತು ಅಂದರೆ ಅರ್ಥವೂ ಮುಟ್ಟಿತು ಅಂತ ತಿಳಿಯುವವರು ಜಾಸ್ತಿ.

ಫೋನಿನಲ್ಲೂ ಇದೇ ತಾಪತ್ರಯ. ಹಳೇ ರೀತಿಯ ಫೋನ್ ಕರೆ ಸುಮಾರು 300ರಿಂದ 3400 ಹರ್ಟ್ಸ್ (ಸದ್ದಿನ ಕಂಪನದ ಅಳತೆ) ನಡುವಿನ ಸದ್ದನ್ನಷ್ಟೇ ಒಯ್ಯುತ್ತದೆ. ಸ, ಫ ಇವುಗಳ ಮುಖ್ಯ ಭಾಗ ಅದಕ್ಕಿಂತ ಮೇಲಿರುತ್ತದೆ. ಈಗಿನ 4ಜಿ ಕರೆಯಲ್ಲಿ ಧ್ವನಿ ಚೆನ್ನಾಗಿದೆ. ಆದರೆ ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಸಿಗ್ನಲ್ ಕುಸಿದು ಫೋನ್ ಹಳೇ ನೆಟ್‌ವರ್ಕಿಗೆ ಇಳಿದರೆ ಮತ್ತೆ ಅದೇ ಇಕ್ಕಟ್ಟು. ಹೆಸರು, ಸಂಖ್ಯೆ, ಖಾತೆ ನಂಬರು ಇಂಥದ್ದನ್ನು ಘಟ್ಟದಲ್ಲಿ ಫೋನಿನಲ್ಲಿ ಹೇಳಬೇಡಿ, ಮೆಸೇಜ್ ಹಾಕಿ.

ಎದುರಾ ಬದುರಾ ಮಾತಾಡುವಾಗ ಕಿವಿಯ ಜೊತೆ ಕಣ್ಣೂ ಕೆಲಸ ಮಾಡುತ್ತದೆ. ಗದ್ದಲದಲ್ಲಿ ಮಾತಾಡುವವರ ತುಟಿ ಕಂಡರೆ ಜಾಸ್ತಿ ಅರ್ಥವಾಗುತ್ತದೆ ಅನ್ನೋದು 1954ರಲ್ಲೇ ಪ್ರಯೋಗದಲ್ಲಿ ಸಿಕ್ಕ ವಿಷಯ. ಆಷಾಢದ ಮಳೆ ತಗಡಿನ ಮೇಲೆ ಬಡಿಯುತ್ತಿರುವಾಗ ಒಳಕೋಣೆಯಿಂದ ಕೂಗಿ ಹೇಳುವುದಕ್ಕಿಂತ ನಾಲ್ಕು ಹೆಜ್ಜೆ ಎದ್ದು ಬಂದು ಹೇಳಿ.

ಪದ ಮುಟ್ಟಿದೆ, ಅರ್ಥ ಬೇರೆ ಆಗಿದೆ

ಇಲ್ಲಿರುವ ತಪ್ಪು ನಂಬಿಕೆ ಬಹಳ ಗಟ್ಟಿ. ಅಂಕೋಲಾದಲ್ಲಿ ಬಸ್ ಕಂಡಕ್ಟರ್ ಕೈಗೆ ಪಾರ್ಸಲ್ ಕೊಟ್ಟರೆ ಹುಬ್ಬಳ್ಳಿಯಲ್ಲಿ ಇಳಿಸಿಕೊಂಡವರಿಗೆ ಒಳಗಿನ ವಸ್ತು ಇದ್ದ ಹಾಗೇ ಸಿಗುತ್ತದೆ. ಮಾತೂ ಹೀಗೇ ಅಂತ ನಾವು ತಿಳಿದಿದ್ದೇವೆ: ನಾನು ಅರ್ಥವನ್ನು ಪದದಲ್ಲಿ ತುಂಬಿ ಕೊಟ್ಟೆ, ನೀನು ಬಿಚ್ಚಿ ತಗೊಂಡೆ. ಮೈಕೆಲ್ ರೆಡ್ಡಿ ಎಂಬ ಭಾಷಾ ವಿದ್ವಾಂಸರು 1979ರಲ್ಲಿ ಈ ಕಲ್ಪನೆ ನಮ್ಮ ದಿನನಿತ್ಯದ ಮಾತಿನಲ್ಲಿ ಎಷ್ಟು ಆಳವಾಗಿ ಕೂತಿದೆ ಅಂತ ಬಿಡಿಸಿ ತೋರಿಸಿದರು. ನಿಜವಾಗಿ ನಡೆಯುವುದು ಬೇರೆ. ಕೇಳಿದವನು ಪದಗಳನ್ನು ಸುಳಿವಾಗಿ ಹಿಡಿದು, ತನಗೆ ಗೊತ್ತಿರುವುದನ್ನು ಸೇರಿಸಿ, ಅರ್ಥವನ್ನು ತಾನೇ ಕಟ್ಟಿಕೊಳ್ಳುತ್ತಾನೆ.

ಕಟ್ಟುವ ಈ ಕೆಲಸ ಎಷ್ಟು ಚೆನ್ನಾಗಿ ನಡೆಯುತ್ತದೆ ನೋಡಿ. "ಬ್ಯಾಂಕಿಗೆ ಹೋಗಿ ಬರ್ಲಾ?" ಅಂತ ಮಗ ಕೇಳುತ್ತಾನೆ. "ಇವತ್ತು ಎರಡನೇ ಶನಿವಾರ ಅಲ್ವೇನೋ ತಮ್ಮಾ" ಅಂತಾರೆ ಅಮ್ಮ. ಬೇಡ ಅಂತ ಅವರು ಹೇಳಲೇ ಇಲ್ಲ. ಆದರೂ ಅವನಿಗೆ ಗೊತ್ತಾಯಿತು, ಏಕೆಂದರೆ 2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ ಅನ್ನೋದು ಇಬ್ಬರ ತಲೆಯಲ್ಲೂ ಇದೆ. ತತ್ವಜ್ಞಾನಿ ಪಾಲ್ ಗ್ರೈಸ್ 1975ರಲ್ಲಿ ಪ್ರಕಟಿಸಿದ ಬರಹದಲ್ಲಿ ಇದನ್ನೇ ವಿವರಿಸಿದರು. ಎದುರಿನವರು ಸಂಬಂಧವಿರುವ, ಬೇಕಾದಷ್ಟೇ ಮಾತಾಡುತ್ತಿದ್ದಾರೆ ಅಂತ ನಂಬಿ ನಾವು ಉಳಿದದ್ದನ್ನು ತುಂಬಿಕೊಳ್ಳುತ್ತೇವೆ. ರಜೆಯ ವಿಷಯ ಗೊತ್ತಿಲ್ಲದವನಿಗೆ ಇದೇ ಉತ್ತರ ತಲೆಬುಡ ಇಲ್ಲದ ಮಾತು.

ಹಾಗಾದರೆ ದೋಷ ಹುಟ್ಟುವುದು ಎಲ್ಲಿ? ನನಗೆ ಗೊತ್ತಿರುವುದು ನಿನಗೂ ಗೊತ್ತಿದೆ ಅಂತ ತಿಳಿದಲ್ಲಿ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ವಿದ್ಯಾರ್ಥಿನಿ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ಬಡಿಯಬೇಕು, ಇನ್ನೊಬ್ಬರು ಹಾಡು ಗುರುತಿಸಬೇಕು. ಬಡಿದವರು ಅರ್ಧದಷ್ಟು ಹಾಡು ಗುರುತು ಸಿಗುತ್ತದೆ ಅಂತ ಅಂದಾಜು ಮಾಡಿದರು. 120 ಹಾಡಿನಲ್ಲಿ ಗುರುತು ಸಿಕ್ಕಿದ್ದು 3. ಬಡಿಯುವವರ ತಲೆಯೊಳಗೆ ಇಡೀ ಹಾಡು ಓಡುತ್ತಿರುತ್ತದೆ. ಕೇಳುವವರಿಗೆ ಬರೀ ಟಕ್ ಟಕ್. ಈ ಪ್ರಯೋಗ ಓದಿದ ಮೇಲೆ "ಇಷ್ಟು ಸ್ಪಷ್ಟವಾಗಿ ಹೇಳಿದ್ದೇನಲ್ಲ" ಅನ್ನುವ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಹೇಳುವವರಿಗೆ ತಮ್ಮ ಮಾತು ಯಾವಾಗಲೂ ಸ್ಪಷ್ಟವೇ.

ನಮ್ಮ ಕಡೆ ಈ ದೋಷ ಸಿಗುವ ಜಾಗಗಳನ್ನು ಹೇಳುತ್ತೇನೆ. ಶಿರಸಿಯಲ್ಲಿ "ರಾಶಿ ಎಷ್ಟಾಗಿದೆ?" ಅಂದರೆ ರಾಶಿ ಅನ್ನುವ ಬಗೆಯ ಅಡಿಕೆಯ ದರ. ಕೆಂಪುಗೋಟು, ಬೆಟ್ಟೆ, ಚಾಲಿ ಹೀಗೆ ಅಡಿಕೆಯ ಒಂದೊಂದು ಬಗೆಗೂ ದರ ಬೇರೆ. ಕರಾವಳಿಯಿಂದ ಹೊಸದಾಗಿ ಬಂದ ಹುಡುಗನಿಗೆ "ಅಡಿಕೆ ದರ ಕೇಳಿ ಬಾ" ಅಂತ ಕಳಿಸಿದರೆ ಯಾವುದೋ ಒಂದರ ದರ ತರುತ್ತಾನೆ. ಅವನು ದಡ್ಡ ಅಲ್ಲ, ನೀವು ಪೂರ್ತಿ ಹೇಳಿಲ್ಲ.

ದಿನ, ಹೊತ್ತಿನ ಮಾತು ಇನ್ನೂ ಕಷ್ಟ. "ಎಂಟು ದಿನ ಬಿಟ್ಟು ಬಾ" ಅಂದರೆ ಒಬ್ಬರಿಗೆ ಮುಂದಿನ ವಾರ ಇದೇ ದಿನ, ಇನ್ನೊಬ್ಬರಿಗೆ ಅದರ ಮಾರನೇ ದಿನ. ಶುಕ್ರವಾರ ನಿಂತು "ಮುಂದಿನ ಸೋಮವಾರ" ಅಂದರೆ ಮೂರು ದಿನಕ್ಕೋ ಹತ್ತು ದಿನಕ್ಕೋ? "ಶನಿವಾರ ರಾತ್ರಿ 12:30ರ ರೈಲು" ಅಂದಾಗ ಟಿಕೆಟ್‌ನಲ್ಲಿ ಇರುವುದು ಭಾನುವಾರದ ತಾರೀಕು. ಕಾರವಾರ ಸ್ಟೇಷನ್ನಿಗೆ ಒಂದು ದಿನ ತಡವಾಗಿ ಹೋಗಿ ನಿಲ್ಲುವವರು ಇದರಿಂದಲೇ. ವಾರದ ಜೊತೆ ತಾರೀಕು ಹೇಳಿ. ರಾತ್ರಿಯ ಹೊತ್ತಾದರೆ "ಶನಿವಾರ ಊಟ ಮಾಡಿ ಹೊರಡುವುದು" ಅಂತ ಬಿಡಿಸಿ ಹೇಳಿ.

ಭಾಷೆ ಒಂದೇ ಆದರೆ ತೊಂದರೆ ಇಲ್ಲ ಅನ್ನೋದೂ ಸರಿಯಲ್ಲ. ನಮ್ಮ ಜಿಲ್ಲೆಯಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು, ಭಟ್ಕಳದ ನವಾಯತಿ, ಮುಂಡಗೋಡದ ಟಿಬೆಟನ್ ಎಲ್ಲ ಇವೆ. ಭಾಷೆ ಬೇರೆ ಅಂತ ಗೊತ್ತಿದ್ದಾಗ ಜನ ಎಚ್ಚರವಾಗಿರುತ್ತಾರೆ. ಎಡವಟ್ಟು ಆಗುವುದು ಕನ್ನಡ ಕನ್ನಡದ ನಡುವೆ. ಹವ್ಯಕರ ಮನೆಮಾತಿನಲ್ಲಿ "ಅಕ್ಕ ಬಂತು" ಅನ್ನೋದು ಸಹಜ, ಪ್ರೀತಿಯ ಮಾತು. ಬೇರೆ ಕಡೆಯಿಂದ ಬಂದ ಸೊಸೆಗೋ ಸಹೋದ್ಯೋಗಿಗೋ ಅದು ಅಗೌರವ ಅನ್ನಿಸಬಹುದು. ಬೇಜಾರಾಗುವ ಮೊದಲು ನಿಮ್ಮಲ್ಲಿ ಹೀಗೇ ಹೇಳುವುದಾ ಅಂತ ಕೇಳಿಬಿಡಿ.

ಹತ್ತಿರದವರ ಜೊತೆ, ವಾಟ್ಸಾಪ್‌ನಲ್ಲಿ

ಮನೆಯವರ ಜೊತೆ ಬಿಡಿಸಿ ಹೇಳಬೇಕಾಗಿಲ್ಲ, ಅರ್ಥವಾಗುತ್ತದೆ ಅಂತ ಎಲ್ಲರೂ ನಂಬುತ್ತೇವೆ. 2011ರಲ್ಲಿ ಕೆನೆತ್ ಸ್ಯಾವಿಟ್ಸ್ಕಿ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಎರಡು ಅರ್ಥ ಬರುವ ಮಾತುಗಳನ್ನು ಗಂಡ ಹೆಂಡತಿ ಪರಸ್ಪರ ಹೇಳಿದಾಗ, ಅಪರಿಚಿತರಿಗಿಂತ ಅವರೇನೂ ಹೆಚ್ಚು ಅರ್ಥ ಮಾಡಿಕೊಳ್ಳಲಿಲ್ಲ. ಆದರೆ ಅರ್ಥವಾಗಿದೆ ಅನ್ನುವ ನಂಬಿಕೆ ಮಾತ್ರ ಗಂಡ ಹೆಂಡತಿಯರಲ್ಲಿ ಜಾಸ್ತಿ ಇತ್ತು. ಅಪರಿಚಿತರ ಜೊತೆ ನಾವು ಬಿಡಿಸಿ ಹೇಳುತ್ತೇವೆ. ಹತ್ತಿರದವರ ಜೊತೆ ಆ ಶ್ರಮವನ್ನೇ ಬಿಟ್ಟುಬಿಡುತ್ತೇವೆ.

ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಇಬ್ಬರೇ ತೋಟದ ಮನೆಯಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಇದು ಮನೆ ಮನೆಯ ಕಥೆ. "ಹೇಗಿದ್ದಿ ಆಯಿ?" ಅಂತ ಕೇಳಿದರೆ "ಆರಾಮ" ಅನ್ನುವ ಉತ್ತರ ಬಂದೇ ಬರುತ್ತದೆ. ಮಂಡಿ ನೋವಿದ್ದರೂ ಆರಾಮ, ಜ್ವರ ಇದ್ದರೂ ಆರಾಮ. ಇಲ್ಲಿ ದೋಷ ಇರುವುದು ಪ್ರಶ್ನೆಯಲ್ಲಿ. "ಇವತ್ತು ಮೆಟ್ಟಿಲು ಹತ್ತಿದ್ಯಾ?", "ಬಿಪಿ ಮಾತ್ರೆ ಇನ್ನೆಷ್ಟು ಉಳಿದಿದೆ?" ಅಂತ ಕೇಳಿ. ಹೌದು, ಇಲ್ಲ, ನಾಲ್ಕು, ಹತ್ತು ಅಂತ ಉತ್ತರ ಬರುವ ಪ್ರಶ್ನೆಗೆ ಆರಾಮ ಅಂತ ಹೇಳಲಾಗುವುದಿಲ್ಲ.

ಬರೆದು ಕಳಿಸುವಾಗ ಧ್ವನಿ ಇರುವುದಿಲ್ಲ. ಬರೆದವರಿಗೆ ಮಾತ್ರ ತಮ್ಮ ಧ್ವನಿ ಒಳಗೇ ಕೇಳುತ್ತಿರುತ್ತದೆ. 2005ರಲ್ಲಿ ಪ್ರಕಟವಾದ ಇಮೇಲ್ ಪ್ರಯೋಗಗಳಲ್ಲಿ ಇದೇ ಕಂಡಿತು. ತಮ್ಮ ಮಾತು ತಮಾಷೆಯದ್ದೋ ನಿಜವಾದದ್ದೋ ಅಂತ ಓದುವವರಿಗೆ ಗೊತ್ತಾಗುತ್ತದೆ ಅಂತ ಬರೆದವರು ಬಹಳ ಭರವಸೆ ಇಟ್ಟಿದ್ದರು. ಓದಿದವರ ಊಹೆ ಅದಕ್ಕಿಂತ ಎಷ್ಟೋ ಹಿಂದೆ ಉಳಿಯಿತು. ಧ್ವನಿಯಲ್ಲಿ ಕೇಳಿದವರು ಮಾತ್ರ ಚೆನ್ನಾಗಿ ಗುರುತಿಸಿದರು. ಹಾಗಾಗಿ "ಸರಿ" ಅಂತ ಬಂದ ಒಂದು ಪದದಲ್ಲಿ ಸಿಟ್ಟು ಕಂಡರೆ ಅದು ನೀವು ಓದಿದ ಸಿಟ್ಟು ಇರಬಹುದು. ಎರಡು ಮೆಸೇಜಿನಲ್ಲಿ ಸರಿಹೋಗದಿದ್ದರೆ ಮೂರನೆಯದು ಹಾಕಬೇಡಿ. ಫೋನ್ ಮಾಡಿ.

"ಆಯ್ತು" ಅಂದರು, ಕೆಲಸ ಆಗಲಿಲ್ಲ

"ಹೂಂ", "ಆಯ್ತು", "ಅಡ್ಡಿಲ್ಲ", "ನೋಡೋಣ". ಇವುಗಳಲ್ಲಿ ಎಷ್ಟೋ ಸಲ ಇರುವುದು ಕೇಳಿಸಿಕೊಂಡೆ ಅನ್ನುವ ಗುರುತು ಮಾತ್ರ. ಮಾಡುತ್ತೇನೆ ಅನ್ನುವ ಮಾತು ಅಲ್ಲ. ದೊಡ್ಡವರ ಎದುರು ಇಲ್ಲ ಅನ್ನಲು ನಮ್ಮಲ್ಲಿ ಜನ ಹಿಂಜರಿಯುತ್ತಾರೆ. ಆ ಹಿಂಜರಿಕೆ ಸುಮ್ನೆ ಹೋಗುವುದಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿದೇ ಮಾತಾಡಬೇಕು.

ಗಮನಿಸಬೇಕಾದದ್ದು ಉತ್ತರಕ್ಕೆ ಮುಂಚಿನ ಹೊತ್ತು. 2009ರಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ 10 ಭಾಷೆಗಳ ಮಾತುಕತೆ ಅಳೆದು ನೋಡಿದಾಗ, ಒಬ್ಬರ ಪ್ರಶ್ನೆಗೂ ಇನ್ನೊಬ್ಬರ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು ಇತ್ತು. ಒಪ್ಪುವ ಉತ್ತರ ಬೇಗ ಬರುತ್ತದೆ. ಒಪ್ಪದ ಉತ್ತರ ತಡವಾಗಿ, "ಅದು... ಹಾಗಲ್ಲ..." ಅಂತ ಎಳೆದುಕೊಂಡು ಬರುತ್ತದೆ. ಮೌನವೇ ಸಮ್ಮತಿ ಅನ್ನುವ ಗಾದೆ ಈ ವಿಷಯದಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ತಡವಾಗಿ ಬಂದ "ಆಯ್ತು" ಕೇಳಿದರೆ ಅಲ್ಲೇ ನಿಲ್ಲಿ. "ಕಷ್ಟ ಇದ್ದರೆ ಹೇಳು ಮಾರಾಯ, ಬೇರೆ ದಿನ ಇಟ್ಟುಕೊಳ್ಳೋಣ" ಅಂತ ಅವರಿಗೆ ದಾರಿ ಬಿಟ್ಟುಕೊಡಿ. ಇಲ್ಲ ಅನ್ನೋದು ಈಗಲೇ ಬಂದರೆ ನಿಮಗೂ ಅನುಕೂಲ.

ತಿರುಗಿ ಕೇಳುವುದು ಕೀಳಲ್ಲ

ಒಳ್ಳೆಯ ಮಾತುಗಾರರ ನಡುವೆ ಗೊಂದಲವೇ ಇರುವುದಿಲ್ಲ ಅಂತ ತಿಳಿಯಬೇಡಿ. 2015ರಲ್ಲಿ ಮಾರ್ಕ್ ಡಿಂಗೆಮಾನ್ಸೆ ಮತ್ತು ಸಂಗಡಿಗರು 12 ಭಾಷೆಗಳ ಸಹಜ ಮಾತುಕತೆ ನೋಡಿದರು. ಸರಾಸರಿ ಒಂದೂವರೆ ನಿಮಿಷಕ್ಕೂ ಮುಂಚೆಯೇ ಯಾರಾದರೊಬ್ಬರು "ಆಂ?", "ಯಾರು?" ಅಂತ ತಿರುಗಿ ಕೇಳುತ್ತಲೇ ಇದ್ದರು. ತಪ್ಪುವುದು, ಕೇಳುವುದು, ತಿದ್ದಿಕೊಳ್ಳುವುದು ಮಾತಿನ ಮಾಮೂಲಿ ಕೆಲಸ.

ಕೇಳುವುದರಲ್ಲೂ ಮೂರು ಬಗೆ ಇದೆ. ಬರೀ "ಆಂ?" ಅಂದರೆ ಎದುರಿನವರು ಎಲ್ಲವನ್ನೂ ಮತ್ತೆ ಹೇಳಬೇಕು. "ಯಾವ ಬಸ್ಸು?" ಅಂದರೆ ಒಂದು ಪದ ಸಾಕು. "ಬೆಳಿಗ್ಗೆ ಏಳರ ಕುಮಟಾ ಬಸ್ಸು ತಾನೇ?" ಅಂದರೆ ಅವರು ಹೌದು ಅಂದರೆ ಮುಗಿಯಿತು. ಮೂರನೆಯದು ಎಲ್ಲಕ್ಕಿಂತ ಒಳ್ಳೆಯದು. ನಿಮಗೆ ಏನು ಅರ್ಥವಾಗಿದೆ ಅನ್ನೋದು ಅವರಿಗೆ ಕಾಣುತ್ತದೆ, ತಪ್ಪಿದ್ದರೆ ಅಲ್ಲೇ ಸಿಗುತ್ತದೆ.

ಇದನ್ನು ಬಿಟ್ಟರೆ ಏನಾಗಬಹುದು ಅನ್ನೋದಕ್ಕೆ ವೈರ್‌ಲೆಸ್ ಕೆಲಸ ಮಾಡುವವರು ಮರೆಯಬಾರದ ಒಂದು ದಿನ ಇದೆ. 1977ರ ಮಾರ್ಚ್ 27. ಕ್ಯಾನರಿ ದ್ವೀಪಗಳ ಟೆನೆರಿಫೆ ವಿಮಾನ ನಿಲ್ದಾಣ. ದಟ್ಟ ಮಂಜು. ರನ್‌ವೇ ಮೇಲೆ ಎರಡು ಜಂಬೋ ವಿಮಾನ, ಒಂದು ಕೆಎಲ್‌ಎಂ, ಇನ್ನೊಂದು ಪ್ಯಾನ್ ಆಮ್. ಕೆಎಲ್‌ಎಂನ ಸಹ ಪೈಲಟ್ "ನಾವೀಗ ಟೇಕಾಫ್‌ನಲ್ಲಿದ್ದೇವೆ" ಅನ್ನುವ ಅರ್ಥದ ಮಾತು ಹೇಳಿದರು. ವಿಮಾನ ಆಗಲೇ ಓಡಲು ಶುರು ಮಾಡಿತ್ತು. ಟೇಕಾಫ್ ಜಾಗದಲ್ಲಿ ನಿಂತಿದ್ದಾರೆ ಅಂತ ಟವರಿನವರು ತಿಳಿದರು. "ಓಕೆ" ಅಂದರು, ಆಮೇಲೆ "ಕಾಯಿರಿ, ನಾವು ಕರೆಯುತ್ತೇವೆ" ಅಂದರು. ಅದೇ ಕ್ಷಣ ಪ್ಯಾನ್ ಆಮ್‌ನವರೂ ಬಟನ್ ಒತ್ತಿ, ನಾವಿನ್ನೂ ರನ್‌ವೇಯಲ್ಲೇ ಇದ್ದೇವೆ ಅಂತ ಹೇಳಿದರು. ಒಂದೇ ಚಾನೆಲ್‌ನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಏನಾಗುತ್ತದೆ ಅಂತ ನಮ್ಮ ಬೋಟಿನವರಿಗೆ ಗೊತ್ತು. ಕಿರ್ ಅನ್ನುವ ಸದ್ದು ಬರುತ್ತದೆ, ಮಾತು ಸಾಯುತ್ತದೆ. ಕೆಎಲ್‌ಎಂ ಪೈಲಟ್‌ಗಳಿಗೆ ಸ್ಪಷ್ಟವಾಗಿ ಕೇಳಿದ್ದು "ಓಕೆ" ಮಾತ್ರ. ಒಳಗಿದ್ದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಆ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವಾ ಅಂತ ಕೇಳಿದರು. ಹಿರಿಯ ಕ್ಯಾಪ್ಟನ್ ಬಿಟ್ಟಿದೆ ಅಂತ ಗಟ್ಟಿಯಾಗಿ ಹೇಳಿಬಿಟ್ಟರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. 583 ಜನ ಸತ್ತರು.

ಮೊದಲು ಹೇಳಿದ ಜಾಗಗಳಲ್ಲಿ ಎರಡು ಇಲ್ಲಿ ಒಟ್ಟಿಗೇ ಕೆಟ್ಟಿವೆ, ಗದ್ದಲ ಮತ್ತು ಬೇರೆಯಾದ ಅರ್ಥ. ಅದರ ಮೇಲೆ ಚಿಕ್ಕವರ ಅನುಮಾನಕ್ಕೆ ಬೆಲೆ ಸಿಗಲಿಲ್ಲ. ಆಮೇಲೆ ವಿಮಾನಯಾನದಲ್ಲಿ ನಿಯಮ ಬಿಗಿಯಾಯಿತು. ಟೇಕಾಫ್ ಅನ್ನುವ ಪದವನ್ನು ನಿಜವಾದ ಅನುಮತಿ ಕೊಡುವಾಗ ಅಥವಾ ಅದನ್ನು ಹಿಂತೆಗೆದುಕೊಳ್ಳುವಾಗ ಮಾತ್ರ ಬಳಸಬೇಕು. ಬರೀ ಓಕೆ ಸಾಲದು, ಅನುಮತಿಯ ಮುಖ್ಯ ಭಾಗವನ್ನು ತಿರುಗಿ ಹೇಳಬೇಕು.

ನಮ್ಮ ಬೋಟುಗಳಲ್ಲೂ ಇದು ರೂಢಿಯಾಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅಪಾಯದ ಕರೆಗೆ ಇರುವುದು ಬೋಟಿನ ವಿಎಚ್‌ಎಫ್ ವೈರ್‌ಲೆಸ್ಸಿನ 16ನೇ ಚಾನೆಲ್. ಅಲ್ಲಿ ಜಾಗದ ಅಕ್ಷಾಂಶ ರೇಖಾಂಶ ಕೇಳಿಸಿಕೊಂಡವರು ಅಂಕಿ ಅಂಕಿಯಾಗಿ ತಿರುಗಿ ಹೇಳಬೇಕು. ಬೋಟಿನ ಕೆಲಸಗಾರ ಖಲಾಸಿ "ಅಣ್ಣಾ, ಮತ್ತೊಮ್ಮೆ ಹೇಳಿ" ಅಂದರೆ ತಾಂಡೇಲ ರೇಗಬಾರದು. ಒಂದು ಸಲ ರೇಗಿದರೆ ಆ ಹುಡುಗ ಮುಂದೆ ಕೇಳುವುದಿಲ್ಲ, ಊಹೆ ಮಾಡುತ್ತಾನೆ. "ಅರ್ಥ ಆಯ್ತಾ?" ಅಂತ ಕೇಳುವುದೂ ಕೆಲಸಕ್ಕೆ ಬರುವುದಿಲ್ಲ, ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. "ನಾನು ಏನಾದರೂ ಬಿಟ್ಟೆನಾ ನೋಡೋಣ, ಒಮ್ಮೆ ನೀನು ಹೇಳು" ಅನ್ನಿ. ಆಗ ಪರೀಕ್ಷೆ ನಿಮ್ಮ ಮಾತಿಗೆ, ಅವನಿಗಲ್ಲ.

ಮುಖ ನೋಡಿದರೆ ಎಲ್ಲ ಗೊತ್ತಾಗುತ್ತದೆ ಅನ್ನುವವರಿಗೆ

ತರಬೇತಿ ಶಿಬಿರಗಳಲ್ಲಿ ಒಂದು ಲೆಕ್ಕ ಕೇಳಿರುತ್ತೀರಿ: ಸಂವಹನದಲ್ಲಿ ಪದಕ್ಕೆ 7, ಧ್ವನಿಗೆ 38, ಮುಖಭಾವಕ್ಕೆ 55 ಶೇಕಡಾ. ಇದು ಬಂದದ್ದು ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ. ಅಲ್ಲಿ ಇದ್ದದ್ದು ಬಿಡಿ ಬಿಡಿ ಪದ, ಧ್ವನಿ ಮುದ್ರಣ, ಮುಖದ ಫೋಟೊ. ಕೇಳಿದ ಪ್ರಶ್ನೆ, ಮಾತಾಡುವವರಿಗೆ ಇಷ್ಟವೋ ಇಷ್ಟವಿಲ್ಲವೋ ಅಂತ. ಭಾವನೆಯ ಮಾತು ಬಿಟ್ಟು ಬೇರೆಡೆ ಈ ಲೆಕ್ಕ ಅನ್ವಯಿಸುವುದಿಲ್ಲ ಅಂತ ಮೆಹ್ರೇಬಿಯನ್ ಅವರೇ ಹೇಳಿದ್ದಾರೆ. ಐಸ್ ಬ್ಲಾಕಿನ ಲೆಕ್ಕ, ಮಾತ್ರೆಯ ಲೆಕ್ಕ ಮುಖಭಾವದಲ್ಲಿ ಬರುವುದಿಲ್ಲ, ಅಲ್ವಾ?

ಕಣ್ಣು ತಪ್ಪಿಸಿದರೆ ಸುಳ್ಳು ಅನ್ನೋದನ್ನೂ ಬಿಟ್ಟುಬಿಡಿ. ಸುಳ್ಳು ಪತ್ತೆಯ ನೂರಾರು ಪ್ರಯೋಗಗಳನ್ನು 2006ರಲ್ಲಿ ಒಟ್ಟು ಸೇರಿಸಿ ನೋಡಿದಾಗ ಜನರ ಊಹೆ ಸರಿಯಾದದ್ದು ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದರೂ 50 ಬರುತ್ತದೆ. ನಮ್ಮಲ್ಲಿ ಹಿರಿಯರ ಮುಂದೆ ತಲೆ ತಗ್ಗಿಸಿ ನಿಲ್ಲುವುದು ಮರ್ಯಾದೆ. ಆ ಹುಡುಗನನ್ನು ಕಳ್ಳ ಅಂತ ತಿಳಿದರೆ ದೊಡ್ಡ ಅನ್ಯಾಯ.

ಸಂವಹನ ಸರಿ ಇದೆ, ಜಗಳ ಉಳಿದಿದೆ

"ಕೂತು ಮಾತಾಡಿದರೆ ಎಲ್ಲ ಸರಿಹೋಗುತ್ತದೆ" ಅನ್ನೋದು ಒಳ್ಳೆಯ ಮನಸ್ಸಿನ ಮಾತು. ಆದರೆ ಯಾವಾಗಲೂ ನಿಜವಲ್ಲ. ತೋಟ ಪಾಲಾಗುವಾಗ ಅಣ್ಣನಿಗೆ ನೀರಿರುವ ಕಡೆ ಬೇಕು, ತಮ್ಮನಿಗೂ ಅದೇ ಬೇಕು. ಇಬ್ಬರಿಗೂ ಇನ್ನೊಬ್ಬರ ಮಾತು ಅಕ್ಷರ ಬಿಡದೆ ಅರ್ಥವಾಗಿದೆ. ಇಲ್ಲಿ ಇನ್ನಷ್ಟು ಮಾತಾಡಿದರೆ ಕಹಿ ಜಾಸ್ತಿ ಆಗುವುದೇ ಹೊರತು ದೋಷ ಸಿಗುವುದಿಲ್ಲ.

ಇದು ನಾಲ್ಕನೇ ಜಾಗದ್ದೇ ಅಂತ ಖಾತ್ರಿ ಮಾಡಿಕೊಳ್ಳಲು ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1950ರ ದಶಕದ ಆರಂಭದಲ್ಲಿ ಹೇಳಿದ ಒಂದು ವಿಧಾನ ಇದೆ. ಎದುರಿನವರ ಮಾತನ್ನು ಅವರಿಗೆ ಸಮಾಧಾನ ಆಗುವಷ್ಟು ಸರಿಯಾಗಿ ತಿರುಗಿ ಹೇಳಿದ ಮೇಲೆಯೇ ನಿಮ್ಮ ಮಾತು ಶುರು ಮಾಡಬೇಕು. "ಹೌದು, ನಾನು ಹೇಳಿದ್ದು ಅದೇ" ಅಂತ ಅಣ್ಣ ಅನ್ನಬೇಕು, ಆಮೇಲೆ ತಮ್ಮ. ಅರ್ಧ ಜಗಳಗಳು ಈ ಹಂತದಲ್ಲೇ ಎರಡನೇ ಜಾಗದ ದೋಷ ಅಂತ ಗೊತ್ತಾಗಿ ಕರಗಬಹುದು. ಕರಗದಿದ್ದರೆ ಕೈಪಿಡಿಯ ಕೆಲಸ ಇಲ್ಲಿಗೆ ನಿಂತಿತು. ಒಪ್ಪಿರುವುದು ಏನು, ಒಪ್ಪದೇ ಇರುವುದು ಏನು ಅಂತ ಒಂದು ಹಾಳೆಯಲ್ಲಿ ತಾರೀಕು ಹಾಕಿ ಬರೆಯಿರಿ. ಇಬ್ಬರೂ ನಂಬುವ ಹಿರಿಯರನ್ನೋ, ಸರ್ವೆ ಮಾಡುವವರನ್ನೋ, ವಕೀಲರನ್ನೋ ಕರೆದು ಆ ಹಾಳೆ ಅವರ ಕೈಗೆ ಕೊಡಿ.